ಎಮ್ಮಿ ನಾಮಿನೇಷನ್, ಗೆಲುವು ಊಹಿಸುವುದು ಹೇಗೆ? ಪ್ರತಿ ವರ್ಷ ಪಟ್ಟಿ ತಪ್ಪುವವರಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ಜುಲೈನಲ್ಲೂ ಇದೇ ಕಥೆ. ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯ ನಾಮಿನೇಷನ್ ಹೊರಬೀಳುತ್ತದೆ, ಗೆಳೆಯರ ಗುಂಪಿನಲ್ಲಿ ಎಲ್ಲರ ಪಟ್ಟಿಯೂ ಅರ್ಧಕ್ಕರ್ಧ ತಪ್ಪಾಗಿರುತ್ತದೆ, ಆಮೇಲೆ "ಇದೆಲ್ಲಾ ಲಾಬಿ ಕಣ್ರೋ" ಅಂತ ಯಾರೋ ಒಬ್ಬರು ಬರೆದು ಕೈತೊಳೆದುಕೊಳ್ಳುತ್ತಾರೆ. ಲಾಬಿ ಇಲ್ಲ ಅಂತಲ್ಲ. ಆದರೆ ಹೆಚ್ಚಿನ ಪಟ್ಟಿಗಳು ಕೆಡುವುದು ಲಾಬಿಯಿಂದಲ್ಲ, ತಲೆಕೆಳಗಾಗಿ ಶುರು ಮಾಡಿದ್ದರಿಂದ. ಮೊದಲು ಗೆಲ್ಲುವವರನ್ನು ಆರಿಸುತ್ತೇವೆ, ಆಮೇಲೆ ಅವರ ಸುತ್ತ ನಾಮಿನೇಷನ್ ತುಂಬುತ್ತೇವೆ, ಆ ಸೀಸನ್ ಈ ವರ್ಷದ ಲೆಕ್ಕಕ್ಕೆ ಬರುತ್ತದಾ ಅಂತ ಮಾತ್ರ ಕೊನೆವರೆಗೂ ನೋಡುವುದಿಲ್ಲ.

ಇಲ್ಲಿ ಹೇಳುವುದು ಅಮೆರಿಕದ ಪ್ರೈಮ್‌ಟೈಮ್ ಎಮ್ಮಿ ಬಗ್ಗೆ ಮಾತ್ರ. 2020ರಲ್ಲಿ 'ಡೆಲ್ಲಿ ಕ್ರೈಮ್', 2023ರಲ್ಲಿ ವೀರ್ ದಾಸ್ ಗೆದ್ದದ್ದು ಇಂಟರ್‌ನ್ಯಾಷನಲ್ ಎಮ್ಮಿ. ಅದನ್ನು ಕೊಡುವ ಸಂಸ್ಥೆಯೇ ಬೇರೆ, ನಡೆಯುವುದು ನವೆಂಬರ್‌ನಲ್ಲಿ, ಆಯ್ಕೆ ಮಾಡುವ ರೀತಿಯೂ ಬೇರೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಬೇಡಿ.

## ಶುರು ಮಾಡುವ ಮೊದಲು ಏನೇನು ಬೇಕು

ಜಾಸ್ತಿ ಏನೂ ಬೇಡ. ಒಂದು ಸ್ಪ್ರೆಡ್‌ಶೀಟ್. ಎಮ್ಮಿ ಕೊಡುವ ಟೆಲಿವಿಷನ್ ಅಕಾಡೆಮಿಯ ವೆಬ್‌ಸೈಟಿನಲ್ಲಿ ಹಳೆಯ ನಾಮಿನೇಷನ್, ಗೆಲುವುಗಳೆಲ್ಲ ಹುಡುಕಲು ಸಿಗುತ್ತವೆ, ಅದು. ಜೂನ್‌ನಲ್ಲಿ ಅದೇ ವೆಬ್‌ಸೈಟಿನಲ್ಲಿ ಮತಪತ್ರ ಪ್ರಕಟಿಸುತ್ತಾರೆ, ಯಾರು ಯಾವ ವಿಭಾಗಕ್ಕೆ ಅರ್ಜಿ ಹಾಕಿದ್ದಾರೆ ಅನ್ನುವ ಪೂರ್ತಿ ಪಟ್ಟಿ. ಇದನ್ನು ತೆರೆದೂ ನೋಡದೆ ಊಹೆ ಮಾಡುವವರೇ ಹೆಚ್ಚು.

ಪ್ರಶಸ್ತಿ ಊಹೆಗಳ ವೆಬ್‌ಸೈಟ್ ಗೋಲ್ಡ್ ಡರ್ಬಿಯಂಥ ಕಡೆ ಸಾವಿರಾರು ಜನರ ಊಹೆಗಳ ಒಟ್ಟು ಲೆಕ್ಕ ಸಿಗುತ್ತದೆ. ಅದನ್ನು ನೋಡಿ, ಆದರೆ ನಿಮ್ಮ ಮೊದಲ ಪಟ್ಟಿ ಬರೆದಿಟ್ಟ ಮೇಲೆ. ಮೊದಲೇ ನೋಡಿದರೆ ನೀವು ಊಹಿಸುತ್ತಿಲ್ಲ, ನಕಲು ಹೊಡೆಯುತ್ತಿದ್ದೀರಿ ಅಷ್ಟೇ.

## 1. ಮೊದಲು ದಿನಾಂಕ ನೋಡಿ

ಎಮ್ಮಿ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಜೂನ್ 1ರಿಂದ ಮುಂದಿನ ವರ್ಷದ ಮೇ 31ರವರೆಗೆ ಪ್ರಸಾರವಾದದ್ದು ಮಾತ್ರ ಲೆಕ್ಕ. ಜೂನ್ ಮಧ್ಯದಲ್ಲಿ ನಾಮಿನೇಷನ್ ಮತದಾನ, ಜುಲೈ ಮಧ್ಯದಲ್ಲಿ ಘೋಷಣೆ, ಆಗಸ್ಟ್ ದ್ವಿತೀಯಾರ್ಧದಲ್ಲಿ ಅಂತಿಮ ಮತದಾನ, ಸೆಪ್ಟೆಂಬರ್‌ನಲ್ಲಿ ಸಮಾರಂಭ. 2023ರ ಹಾಲಿವುಡ್ ಬರಹಗಾರರ, ನಟರ ಮುಷ್ಕರದಿಂದ ಆ ವರ್ಷದ್ದು 2024ರ ಜನವರಿಗೆ ಹೋಯಿತು. ಅದೊಂದು ಅಪವಾದ.

ಇದು ಗೊತ್ತಿಲ್ಲದೆ ಎಡವುವುದಕ್ಕೆ ಒಳ್ಳೆಯ ಉದಾಹರಣೆ 'ದಿ ಬೇರ್'. ಇದು ಪ್ರತಿ ವರ್ಷ ಜೂನ್ ಕೊನೆಗೆ ಬರುತ್ತದೆ. ಹಾಗಾಗಿ 2023ರ ಜೂನ್‌ನಲ್ಲಿ ಬಂದ ಎರಡನೇ ಸೀಸನ್‌ಗೆ ಪ್ರಶಸ್ತಿ ಸಿಗುವುದು 2024ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಮೂರನೇ ಸೀಸನ್ ಬಂದು, ಜನ ನೋಡಿ, "ಮೊದಲಿನ ಹಾಗಿಲ್ಲ" ಅಂತ ಗೊಣಗಿಯೂ ಆಗಿತ್ತು. ಆ ವರ್ಷ ಅಂತಿಮ ಮತ ಹಾಕಿದವರ ಕೈಯಲ್ಲಿದ್ದದ್ದು ಎರಡನೇ ಸೀಸನ್, ಕಿವಿಯಲ್ಲಿದ್ದದ್ದು ಮೂರನೆಯದರ ಮಾತು. ಸೀರೀಸ್ 11 ಎಮ್ಮಿ ಗೆದ್ದಿತು, ಕಾಮಿಡಿಗಳಲ್ಲಿ ಒಂದೇ ವರ್ಷಕ್ಕೆ ಅದು ಆಗಿನ ದಾಖಲೆ. ಆದರೆ ಅತ್ಯುತ್ತಮ ಕಾಮಿಡಿ ಸೀರೀಸ್ ಮಾತ್ರ 'ಹ್ಯಾಕ್ಸ್' ಪಾಲಾಯಿತು.

ಹಾಗಾಗಿ ಶೀಟಿನ ಮೊದಲ ಕಾಲಂ: ಸೀಸನ್ ಸಂಖ್ಯೆ ಮತ್ತು ಪ್ರಸಾರದ ದಿನಾಂಕ. ಎರಡನೇ ಕಾಲಂ: ಮತದಾನದ ಹೊತ್ತಿಗೆ ಇದರ ಮುಂದಿನ ಸೀಸನ್ ಬಂದಿರುತ್ತದಾ? ಬಂದಿದ್ದರೆ ಆ ಸಾಲಿಗೆ ಒಂದು ಗುರುತು ಹಾಕಿ, ಮುಂದೆ ಬೇಕಾಗುತ್ತದೆ.

ಸೀಸನ್ ಎರಡು ಭಾಗವಾಗಿ ಬಂದರೆ ಇನ್ನೂ ಹುಷಾರಾಗಿರಿ. 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ನಾಲ್ಕನೇ ಸೀಸನ್ನಿನ ಮೊದಲ ಭಾಗ ಮೇ 27ಕ್ಕೆ ಬಂತು, ಎರಡನೆಯದು ಜುಲೈ 1ಕ್ಕೆ. ಮೊದಲ ಭಾಗ ಆ ವರ್ಷದ ಲೆಕ್ಕಕ್ಕೆ ಬಂದು ಡ್ರಾಮಾ ಸೀರೀಸ್ ನಾಮಿನೇಷನ್ನೂ ಸಿಕ್ಕಿತು.

## 2. ಯಾವ ವಿಭಾಗ ಅಂತ ಖಚಿತ ಮಾಡಿಕೊಳ್ಳಿ

ನಿಮ್ಮ ಪ್ರಕಾರ ಅದು ಡ್ರಾಮಾನೋ ಕಾಮಿಡಿಯೋ ಅನ್ನುವುದು ಇಲ್ಲಿ ಮುಖ್ಯವಲ್ಲ. ನಿರ್ಮಾಪಕರು ಎಲ್ಲಿ ಅರ್ಜಿ ಹಾಕಿದ್ದಾರೆ ಅನ್ನುವುದಷ್ಟೇ ಮುಖ್ಯ. 2015ರಲ್ಲಿ ಅರ್ಧ ಗಂಟೆಯದ್ದು ಕಾಮಿಡಿ, ಅದಕ್ಕಿಂತ ಉದ್ದದ್ದು ಡ್ರಾಮಾ ಅಂತ ನಿಯಮ ತಂದಿದ್ದರು, ಆಮೇಲೆ ಅದನ್ನೂ ಕೈಬಿಟ್ಟರು. ಆ ನಿಯಮದ ದೆಸೆಯಿಂದಲೇ ಉಜೊ ಅಡೂಬ ಒಂದೇ ಪಾತ್ರಕ್ಕೆ 2014ರಲ್ಲಿ ಕಾಮಿಡಿ ಅತಿಥಿ ನಟಿ, 2015ರಲ್ಲಿ ಡ್ರಾಮಾ ಪೋಷಕ ನಟಿ ಪ್ರಶಸ್ತಿ ಗೆದ್ದರು.

ವಿಭಾಗ ಬದಲಾಯಿಸುವ ಸುದ್ದಿ ಬಂದರೆ ಇಡೀ ಶೀಟ್ ಮತ್ತೆ ತೆರೆಯಬೇಕು. 'ಶೋಗನ್' ಲಿಮಿಟೆಡ್ ಸೀರೀಸ್ (ಒಂದೇ ಸೀಸನ್ನಿನಲ್ಲಿ ಕಥೆ ಮುಗಿಯುವಂಥದ್ದು) ಅಂತ ಬಂದು, 2024ರ ಮೇನಲ್ಲಿ ಮುಂದಿನ ಸೀಸನ್‌ಗಳ ಮಾತು ಹೊರಬಿದ್ದ ಮೇಲೆ ಡ್ರಾಮಾಕ್ಕೆ ಜಿಗಿಯಿತು. ಆ ಒಂದು ನಿರ್ಧಾರದಿಂದ ಡ್ರಾಮಾ ವಿಭಾಗದಲ್ಲಿ ಉಳಿದವರ ಕಥೆ ಮುಗಿಯಿತು, ಲಿಮಿಟೆಡ್ ವಿಭಾಗದಲ್ಲಿ 'ಬೇಬಿ ರೇನ್‌ಡಿಯರ್'ಗೆ ದಾರಿ ತೆರೆಯಿತು. 'ಶೋಗನ್' ಒಟ್ಟು 18 ಗೆದ್ದಿತು.

ನಟರದ್ದೂ ಹಾಗೇ. ನಾಯಕ, ಪೋಷಕ, ಅತಿಥಿ ಅಂತ ಅರ್ಜಿ ಹಾಕುವವರು ಅವರೇ. ಕೀರನ್ ಕಲ್ಕಿನ್ 'ಸಕ್ಸೆಷನ್'ಗೆ ಮೊದಲು ಪೋಷಕ ವಿಭಾಗದಲ್ಲಿದ್ದರು, ಕೊನೆಯ ಸೀಸನ್‌ಗೆ ನಾಯಕ ವಿಭಾಗಕ್ಕೆ ಬಂದು ಗೆದ್ದರು. ಸಾರಾ ಸ್ನೂಕ್ ಕೂಡ ಅದೇ ದಾರಿಯಲ್ಲಿ ಬಂದವರು. ಅತಿಥಿ ಅನ್ನಿಸಿಕೊಳ್ಳಬೇಕಾದರೆ ಸೀಸನ್ನಿನ ಅರ್ಧಕ್ಕಿಂತ ಕಡಿಮೆ ಎಪಿಸೋಡ್‌ಗಳಲ್ಲಿ ಕಾಣಿಸಿಕೊಂಡಿರಬೇಕು.

## 3. ಸೀಟು ಎಷ್ಟು ಅಂತ ಎಣಿಸಿ

ಡ್ರಾಮಾ ಸೀರೀಸ್, ಕಾಮಿಡಿ ಸೀರೀಸ್ ಎರಡಕ್ಕೂ 8 ನಾಮಿನೇಷನ್. ಲಿಮಿಟೆಡ್ ಸೀರೀಸ್‌ಗೆ 5. ನಟನೆಯ ವಿಭಾಗಗಳಲ್ಲಿ ಅರ್ಜಿ ಎಷ್ಟು ಬಂದಿವೆ ಅನ್ನುವುದರ ಮೇಲೆ ಸಂಖ್ಯೆ ಏರಿಳಿಯುತ್ತದೆ. 2020ರಲ್ಲಿ ತಂದ ನಿಯಮದ ಪ್ರಕಾರ 20ರಿಂದ 80 ಅರ್ಜಿಗೆ 5, 160ರವರೆಗೆ 6, 240ರವರೆಗೆ 7, ಅದಕ್ಕಿಂತ ಹೆಚ್ಚಾದರೆ 8.

ಇದು ಬರೀ ಲೆಕ್ಕದ ವಿಷಯ ಅಂತ ದಾಟಿಹೋಗಬೇಡಿ. ಡ್ರಾಮಾ ನಾಯಕ ನಟ ವಿಭಾಗದಲ್ಲಿ 2024ರಲ್ಲಿ 6 ಜನ ಇದ್ದರು, 2025ರಲ್ಲಿ 5. ಆರನೇ ಹೆಸರಿನ ಮೇಲೆ ಆಸೆ ಇಟ್ಟವರಿಗೆ ಸೀಟೇ ಇರಲಿಲ್ಲ.

## 4. ಮತ ಹಾಕುವವರು ಯಾರು ಅಂತ ನೆನಪಿಡಿ

ನಮ್ಮ ಅನುಬಂಧ ಅವಾರ್ಡ್ಸ್, ಝೀ ಕುಟುಂಬ ಅವಾರ್ಡ್ಸ್ ನೋಡಿ ಬೆಳೆದವರಿಗೆ ಇದು ಸ್ವಲ್ಪ ಬೇರೆ ಅನ್ನಿಸುತ್ತದೆ. ನಮ್ಮಲ್ಲಿ ಚಾನೆಲ್ ತನ್ನದೇ ಧಾರಾವಾಹಿಗಳಿಗೆ ಪ್ರಶಸ್ತಿ ಕೊಡುತ್ತದೆ, ಜನ ಮೆಚ್ಚಿದ್ದು ಅಂತ ವೀಕ್ಷಕರ ಮತಕ್ಕೂ ಜಾಗ ಇರುತ್ತದೆ. ಎಮ್ಮಿಯಲ್ಲಿ ವೀಕ್ಷಕರಿಗೆ ಮತವೇ ಇಲ್ಲ. ವಿಮರ್ಶಕರಿಗೂ ಇಲ್ಲ. ಮತ ಹಾಕುವುದು ಅಕಾಡೆಮಿಯ 20,000ಕ್ಕೂ ಹೆಚ್ಚು ಸದಸ್ಯರು, ಎಲ್ಲರೂ ಅದೇ ಉದ್ಯಮದಲ್ಲಿ ದುಡಿಯುವವರು.

ನಟನೆಯ ವಿಭಾಗಗಳಿಗೆ ನಟರು, ನಿರ್ದೇಶನಕ್ಕೆ ನಿರ್ದೇಶಕರು, ಬರವಣಿಗೆಗೆ ಬರಹಗಾರರು ಮತ ಹಾಕುತ್ತಾರೆ. ಸೀರೀಸ್ ವಿಭಾಗಗಳಿಗೆ ಮಾತ್ರ ಎಲ್ಲರೂ: ಸಂಕಲನಕಾರರು, ಮೇಕಪ್‌ನವರು, ಸೌಂಡ್‌ನವರು, ಸಾಹಸ ಕಲಾವಿದರು. ಒಂದೇ ಸೀರೀಸ್ ಬರವಣಿಗೆಯಲ್ಲಿ ಸೋತು ಒಟ್ಟಾರೆ ಗೆಲ್ಲುವುದು ಹೇಗೆ ಅಂತ ತಲೆಕೆಡಿಸಿಕೊಳ್ಳುವವರು ಈ ಸಾಲನ್ನು ಇನ್ನೊಮ್ಮೆ ಓದಿ.

ಇನ್ನೊಂದು ಮಾತು. ಇವರು ಕೆಲಸದ ನಡುವೆ ಸೀರೀಸ್ ನೋಡುವವರು, ಎಲ್ಲವನ್ನೂ ನೋಡಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಕಳೆದ ವರ್ಷ ಮೆಚ್ಚಿದ್ದನ್ನು ಈ ವರ್ಷವೂ ಮೆಚ್ಚುವ ಅಭ್ಯಾಸ ಇದೆ. 'ಮಾಡರ್ನ್ ಫ್ಯಾಮಿಲಿ' ಸತತ 5 ಬಾರಿ ಗೆದ್ದಿತು. 'ವೀಪ್'ಗೆ ಜೂಲಿಯಾ ಲೂಯಿ ಡ್ರೈಫಸ್ 2012ರಿಂದ 2017ರವರೆಗೆ ಸತತ 6 ಬಾರಿ ಗೆದ್ದರು.

## 5. ನಾಮಿನೇಷನ್ ಪಟ್ಟಿ ತುಂಬಿ

ಈ ಕ್ರಮದಲ್ಲೇ ಮಾಡಿ. ಮೊದಲು, ಕಳೆದ ವರ್ಷ ನಾಮಿನೇಟ್ ಆಗಿ ಈ ವರ್ಷವೂ ಅರ್ಹವಾಗಿರುವವನ್ನು ಬರೆಯಿರಿ. ಆಮೇಲೆ, ಎಲ್ಲರ ಬಾಯಲ್ಲೂ ಇರುವ ಹೊಸ ಸೀರೀಸ್‌ಗಳು. ಇಷ್ಟಕ್ಕೇ 8ರಲ್ಲಿ 5 ಅಥವಾ 6 ಸೀಟು ತುಂಬುತ್ತವೆ. ನಿಮ್ಮ ಬುದ್ಧಿ ಖರ್ಚಾಗಬೇಕಾದದ್ದು ಉಳಿದ ಎರಡು ಮೂರರ ಮೇಲೆ. ಜನ ಉಲ್ಟಾ ಮಾಡುತ್ತಾರೆ. ಖಚಿತ ಇರುವುದರ ಮೇಲೆ ವಾರಗಟ್ಟಲೆ ಜಗಳ, ಕೊನೆಯ ಸೀಟಿಗೆ ಸುಮ್ನೆ ಒಂದು ಹೆಸರು.

ಹಳೆಯದ್ದು ಅಂತ ಕಣ್ಣು ಮುಚ್ಚಿ ಹಾಕಲೂಬೇಡಿ. 'ಸ್ಕ್ವಿಡ್ ಗೇಮ್' ಮೊದಲ ಸೀಸನ್‌ಗೆ 2022ರಲ್ಲಿ 14 ನಾಮಿನೇಷನ್, 6 ಗೆಲುವು. ಎರಡನೇ ಸೀಸನ್‌ಗೆ 2025ರಲ್ಲಿ ಒಂದೂ ಇಲ್ಲ. ಬೀಳುವ ಲಕ್ಷಣ ಮೊದಲೇ ಕಾಣುತ್ತದೆ: ಸೀಸನ್‌ಗಳ ನಡುವೆ ಉದ್ದ ಬಿಡುವು, ಕಥೆ ಮಧ್ಯದಲ್ಲೇ ನಿಂತದ್ದು, ಬಿಡುಗಡೆಯಾದ ಎರಡು ವಾರದ ನಂತರ ಯಾರೂ ಮಾತೇ ಆಡದಿರುವುದು.

ಇದರ ಉಲ್ಟಾ ಕೂಡ ಇದೆ, ತಡವಾಗಿ ಕಣ್ಣಿಗೆ ಬೀಳುವವು. 'ಶಿಟ್ಸ್ ಕ್ರೀಕ್' ವರ್ಷಗಟ್ಟಲೆ ಎಮ್ಮಿಗೆ ಕಾಣಿಸಲೇ ಇಲ್ಲ. 2019ರಲ್ಲಿ 4 ನಾಮಿನೇಷನ್ ಬಂತು. 2020ರಲ್ಲಿ, ಕೊನೆಯ ಸೀಸನ್‌ಗೆ, ಕಾಮಿಡಿಯ ಏಳೂ ಮುಖ್ಯ ಪ್ರಶಸ್ತಿ ಬಾಚಿಕೊಂಡಿತು. 'ಸ್ಲೋ ಹಾರ್ಸಸ್' ಡ್ರಾಮಾ ಸೀರೀಸ್ ಪಟ್ಟಿಗೆ ಬಂದದ್ದು ಮೂರನೇ ಸೀಸನ್‌ಗೆ. ಕೊನೆಯ ಒಂದು ಸೀಟನ್ನು ಇಂಥದ್ದಕ್ಕೆ ಇಡುವುದು ನನ್ನ ಪದ್ಧತಿ, ತಪ್ಪಿದರೆ ಒಂದೇ ಅಂಕ ಹೋಗುತ್ತದೆ.

## 6. ಜುಲೈ ಪಟ್ಟಿಯನ್ನು ಸರಿಯಾಗಿ ಓದಿ

2025ರಲ್ಲಿ ನಾಮಿನೇಷನ್ ಘೋಷಣೆ ನಮ್ಮ ಸಮಯ ರಾತ್ರಿ 9ಕ್ಕೆ ಇತ್ತು. ಬಂದ ತಕ್ಷಣ ಎಲ್ಲರೂ ಒಟ್ಟು ಸಂಖ್ಯೆ ನೋಡುತ್ತಾರೆ. ಆ ವರ್ಷ 'ಸೆವೆರೆನ್ಸ್' 27 ನಾಮಿನೇಷನ್‌ನೊಂದಿಗೆ ಮುಂದೆ ಇತ್ತು, 'ದಿ ಪಿಟ್'ಗೆ 13. ಡ್ರಾಮಾ ಸೀರೀಸ್ ಗೆದ್ದದ್ದು 'ದಿ ಪಿಟ್'.

ಆಸ್ಪತ್ರೆಯ ಒಂದು ಶಿಫ್ಟ್ ತೋರಿಸುವ ಸೀರೀಸ್‌ಗೆ ಉಡುಪು, ದೃಶ್ಯ ಪರಿಣಾಮ, ಸಂಗೀತದ ವಿಭಾಗಗಳಲ್ಲಿ ಬಾಚಿಕೊಳ್ಳಲು ಏನಿದೆ? ಹಾಗಾಗಿ ಒಟ್ಟು ಸಂಖ್ಯೆಗಿಂತ ಎಲ್ಲಿ ಸಿಕ್ಕಿದೆ ಅಂತ ನೋಡಿ. ನಿರ್ದೇಶನ, ಬರವಣಿಗೆ, ಕಾಸ್ಟಿಂಗ್ (ಪಾತ್ರಗಳಿಗೆ ನಟರ ಆಯ್ಕೆ), ನಟನೆ. ಈ ನಾಲ್ಕರಲ್ಲೂ ಇದ್ದರೆ ಅದು ಸ್ಪರ್ಧೆಯಲ್ಲಿದೆ ಅಂತಲೇ ತಿಳಿಯಿರಿ. 'ದಿ ಪಿಟ್' ನಾಲ್ಕರಲ್ಲೂ ಇತ್ತು.

ಅನಿರೀಕ್ಷಿತ ಕಡೆ ಒಂದು ನಾಮಿನೇಷನ್ ಕಂಡರೆ ಅಲ್ಲೂ ನಿಲ್ಲಿ. ಅದೇ ವರ್ಷ 'ಸಮ್‌ಬಡಿ ಸಮ್‌ವೇರ್' ಕಾಮಿಡಿ ಸೀರೀಸ್ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಬರವಣಿಗೆಗೆ ಸಿಕ್ಕಿತ್ತು, ಜೆಫ್ ಹಿಲ್ಲರ್ ಪೋಷಕ ನಟರ ಪಟ್ಟಿಯಲ್ಲಿದ್ದರು. ಹ್ಯಾರಿಸನ್ ಫೋರ್ಡ್ ಅಂತ ತುಂಬಾ ಜನ ಬರೆದಿದ್ದರು. ಗೆದ್ದವರು ಹಿಲ್ಲರ್.

## 7. ಗೆಲ್ಲುವವರನ್ನು ಹೊಸದಾಗಿ ಆರಿಸಿ

ಜೂನ್‌ನಲ್ಲಿ ಬರೆದ ಗೆಲುವಿನ ಊಹೆ ಇದ್ದರೆ ಅಳಿಸಿಬಿಡಿ. ಅಂತಿಮ ಸುತ್ತಿನ ಲೆಕ್ಕವೇ ಬೇರೆ. 2015ಕ್ಕೂ ಮುಂಚೆ ಸಣ್ಣ ಸಮಿತಿಗಳು ಎಪಿಸೋಡ್ ನೋಡಿ ತೀರ್ಮಾನಿಸುತ್ತಿದ್ದವು, ಆಗ ನಟರು ಯಾವ ಎಪಿಸೋಡ್ ಕಳಿಸಿದರು ಅನ್ನುವುದರ ಮೇಲೇ ಇಡೀ ವಾದ ನಡೆಯುತ್ತಿತ್ತು. ಈಗ ಆಯಾ ವಿಭಾಗದ ಸದಸ್ಯರೆಲ್ಲ ಮತ ಹಾಕಬಹುದು, ಅತಿ ಹೆಚ್ಚು ಮತ ಬಿದ್ದವರು ಗೆಲ್ಲುತ್ತಾರೆ. ಎಪಿಸೋಡ್ ಆಯ್ಕೆಗೆ ಈಗಲೂ ಜೋತುಬಿದ್ದವರು ಹಳೆಯ ಆಟ ಆಡುತ್ತಿದ್ದಾರೆ.

ಎಂಟು ಹೆಸರುಗಳಿದ್ದಾಗ ಗೆಲ್ಲಲು ಅರ್ಧ ಮತ ಬೇಕಿಲ್ಲ, ಕಾಲು ಭಾಗ ಸಿಕ್ಕರೂ ಸಾಕಾಗಬಹುದು. ಅಂದರೆ ಎಲ್ಲರಿಗೂ ಸುಮಾರಾಗಿ ಇಷ್ಟವಾದದ್ದು ನಾಮಿನೇಟ್ ಆಗುತ್ತದೆ, ಕೆಲವರಿಗೆ ತುಂಬಾ ಇಷ್ಟವಾದದ್ದು ಗೆಲ್ಲುತ್ತದೆ. ಪ್ರತಿ ಹೆಸರಿನ ಮುಂದೆ ಕೇಳಿಕೊಳ್ಳಿ: ಇದು ಯಾರ ಮೊದಲ ಆಯ್ಕೆ? ಉತ್ತರ ಹೊಳೆಯದಿದ್ದರೆ ಅದು ಗೆಲ್ಲುವುದಿಲ್ಲ.

ಇಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ.

"ಮತ ಹಂಚಿಹೋಗುತ್ತದೆ." ಒಂದೇ ಸೀರೀಸಿನ ಮೂರು ನಾಲ್ಕು ನಟರಿದ್ದರೆ ಯಾರೂ ಗೆಲ್ಲುವುದಿಲ್ಲ ಅನ್ನುವ ವಾದ ಕೇಳಲು ಚೆನ್ನಾಗಿದೆ. 2019ರಲ್ಲಿ 'ಗೇಮ್ ಆಫ್ ಥ್ರೋನ್ಸ್'ನ ನಾಲ್ಕು ಪೋಷಕ ನಟಿಯರಿದ್ದು, ಬೇರೆ ಸೀರೀಸಿನ ಜೂಲಿಯಾ ಗಾರ್ನರ್ ಗೆದ್ದರು, ನಿಜ. ಆದರೆ ಅದೇ ರಾತ್ರಿ ಅದೇ ಸೀರೀಸಿನ ಮೂವರು ಪೋಷಕ ನಟರಲ್ಲಿ ಪೀಟರ್ ಡಿಂಕ್ಲೇಜ್ ಗೆದ್ದರು. 2021ರಲ್ಲಿ 'ಟೆಡ್ ಲಾಸೊ'ದ ನಾಲ್ವರಲ್ಲಿ ಬ್ರೆಟ್ ಗೋಲ್ಡ್‌ಸ್ಟೀನ್, ಆಮೇಲೆ 'ಸಕ್ಸೆಷನ್' ಕೊನೆಯ ಸೀಸನ್ನಿನ ಮೂವರು ನಾಯಕರಲ್ಲಿ ಕಲ್ಕಿನ್. ಸಹನಟರಲ್ಲಿ ಒಬ್ಬರು ಎದ್ದು ಕಂಡರೆ ಮತ ಒಂದೇ ಕಡೆ ಸೇರುತ್ತದೆ.

"ಈ ಸಲ ಕೊಡಲೇಬೇಕು." ಜಾನ್ ಹ್ಯಾಮ್‌ಗೆ 'ಮ್ಯಾಡ್ ಮೆನ್' ಕೊನೆಯ ಸೀಸನ್‌ಗೆ 2015ರಲ್ಲಿ ಕೊಟ್ಟರು, ಅದನ್ನೇ ಹಿಡಿದು ಎಲ್ಲರೂ ಪ್ರತಿ ವರ್ಷ ಯಾರಿಗಾದರೂ ಬಾಕಿ ತೀರಿಸುತ್ತಾರೆ ಅಂತ ಕಾಯುತ್ತಾರೆ. 'ಬೆಟರ್ ಕಾಲ್ ಸಾಲ್' ಲೆಕ್ಕ ನೋಡಿ: 53 ನಾಮಿನೇಷನ್, ಸೊನ್ನೆ ಗೆಲುವು. ನನ್ನ ಮಟ್ಟಿಗೆ ಎಮ್ಮಿಯ ಅತಿ ದೊಡ್ಡ ಅನ್ಯಾಯ ಅದು. ಆದರೆ ಅನ್ಯಾಯ ಅನ್ನಿಸಿದ್ದು ಊಹೆಗೆ ಆಧಾರ ಆಗುವುದಿಲ್ಲ.

"ಜನವರಿಯಲ್ಲಿ ಗೆದ್ದಿದ್ದಾರಲ್ಲ." ಗೋಲ್ಡನ್ ಗ್ಲೋಬ್ ಹಿಂದಿನ ಕ್ಯಾಲೆಂಡರ್ ವರ್ಷಕ್ಕೆ ಕೊಡುವ ಪ್ರಶಸ್ತಿ. ಜೂನ್‌ನಿಂದ ಡಿಸೆಂಬರ್ ನಡುವೆ ಬಂದ ಸೀರೀಸ್‌ಗೆ ಮಾತ್ರ ಅದು ಮುನ್ಸೂಚನೆ. ಜನವರಿ ನಂತರ ಬಂದದ್ದು ಮೊದಲು ಎಮ್ಮಿ ಎದುರಿಸಿ, ಆಮೇಲೆ ಗ್ಲೋಬ್‌ಗೆ ಹೋಗುತ್ತದೆ. 2025ರಲ್ಲಿ ಕ್ಯಾಥಿ ಬೇಟ್ಸ್ 'ಮ್ಯಾಟ್‌ಲಾಕ್'ಗೆ ವಿಮರ್ಶಕರು ಕೊಡುವ ಕ್ರಿಟಿಕ್ಸ್ ಚಾಯ್ಸ್ ಪ್ರಶಸ್ತಿ ಗೆದ್ದು ಮುಂಚೂಣಿಯಲ್ಲಿದ್ದರು. ಅದೇ ಜನವರಿಯಲ್ಲಿ ಶುರುವಾದ 'ಸೆವೆರೆನ್ಸ್' ಸೀಸನ್‌ಗೆ ಬ್ರಿಟ್ ಲೋವರ್ ಎಮ್ಮಿ ಗೆದ್ದರು. ಇಬ್ಬರೂ ಆ ಹಿಂದಿನ ಪ್ರಶಸ್ತಿಯಲ್ಲಿ ಎದುರಾಗಿರಲೇ ಇಲ್ಲ. ಶೀಟಿನಲ್ಲಿ ಹಾಕಿದ ದಿನಾಂಕದ ಕಾಲಂ ಇಲ್ಲಿ ಕೆಲಸಕ್ಕೆ ಬರುತ್ತದೆ.

## 8. ಕ್ರಿಯೇಟಿವ್ ಆರ್ಟ್ಸ್ ಆದಮೇಲೆ ಒಂದೇ ಸಲ ತಿದ್ದಿ

ಮುಖ್ಯ ಸಮಾರಂಭಕ್ಕೆ ಸುಮಾರು ವಾರ ಮುಂಚೆ ಕ್ರಿಯೇಟಿವ್ ಆರ್ಟ್ಸ್ ಎಮ್ಮಿ ಎರಡು ರಾತ್ರಿ ನಡೆಯುತ್ತದೆ. ಕಾಸ್ಟಿಂಗ್, ಸಂಕಲನ, ಅತಿಥಿ ನಟನೆ ಎಲ್ಲ ಅಲ್ಲೇ. ಅಷ್ಟರಲ್ಲಿ ಮತದಾನ ಮುಗಿದಿರುತ್ತದೆ, ಆದ್ದರಿಂದ ಅಲ್ಲಿನ ಗೆಲುವು ಯಾರ ಮನಸ್ಸನ್ನೂ ಬದಲಿಸುವುದಿಲ್ಲ, ಆಗಲೇ ಇರುವ ಒಲವನ್ನು ತೋರಿಸುತ್ತದೆ ಅಷ್ಟೇ.

2025ರಲ್ಲಿ ಕಾಸ್ಟಿಂಗ್ ಗೆದ್ದ 'ದಿ ಪಿಟ್', 'ದಿ ಸ್ಟುಡಿಯೋ', 'ಅಡಾಲಸೆನ್ಸ್' ಮೂರೂ ತಂತಮ್ಮ ವಿಭಾಗದ ಸೀರೀಸ್ ಪ್ರಶಸ್ತಿ ಗೆದ್ದವು. ಆಹಾ, ಸುಲಭ ಸೂತ್ರ ಸಿಕ್ಕಿತು ಅನ್ನಬೇಡಿ. 2024ರಲ್ಲಿ ಕಾಮಿಡಿ ಕಾಸ್ಟಿಂಗ್ 'ದಿ ಬೇರ್' ಗೆದ್ದಿತ್ತು, ಮುಂದಿನದ್ದು ಗೊತ್ತೇ ಇದೆ. ಒಂದು ವಿಭಾಗದಲ್ಲಿ ನೀವು ಮೊದಲೇ ಇಬ್ಬರ ನಡುವೆ ತೂಗುತ್ತಿದ್ದರೆ ಮಾತ್ರ ಈ ಫಲಿತಾಂಶ ನೋಡಿ ಬದಲಿಸಿ. ಇಲ್ಲದಿದ್ದರೆ ಕೈ ಹಚ್ಚಬೇಡಿ.

## 9. ವಾದ ಮಾಡುವಾಗ

ಎರಡು ಪಟ್ಟಿ ಇರಲಿ: ಗೆಲ್ಲಬೇಕಾದವರು, ಗೆಲ್ಲುವವರು. ಅರ್ಧ ಜಗಳ ಹುಟ್ಟುವುದು ಒಬ್ಬರು ಮೊದಲನೆಯದರ ಬಗ್ಗೆ, ಇನ್ನೊಬ್ಬರು ಎರಡನೆಯದರ ಬಗ್ಗೆ ಮಾತಾಡುವುದರಿಂದ.

"ಇವರನ್ನು ಕಡೆಗಣಿಸಿದರು" ಅನ್ನುವವರಿಗೆ ಒಂದೇ ಪ್ರಶ್ನೆ ಹಾಕಿ. ಸರಿ, ಪಟ್ಟಿಯಲ್ಲಿರುವ ಯಾರನ್ನು ತೆಗೆಯೋಣ? ಹೆಸರು ಹೇಳಿದರೆ ವಾದ ಮುಂದುವರಿಸಿ, ಹೇಳದಿದ್ದರೆ ಅದು ವಾದವಲ್ಲ, ಬೇಜಾರು. ಬೇಜಾರಿಗೂ ಜಾಗ ಇದೆ, ಆದರೆ ಅದಕ್ಕೆ ಉತ್ತರ ಕೊಡುತ್ತಾ ಕೂರಬೇಕಿಲ್ಲ ಅಲ್ವಾ.

'ದಿ ಬೇರ್' ಕಾಮಿಡಿಯೇ ಅಲ್ಲ ಅನ್ನುವ ಜಗಳ ಪ್ರತಿ ವರ್ಷ ಬರುತ್ತದೆ. ನನಗೂ ಹಾಗೇ ಅನ್ನಿಸುತ್ತದೆ. ಊಹೆ ಮಾಡುವಾಗ ಮಾತ್ರ ಪ್ರಶ್ನೆ ಬದಲಾಗಬೇಕು: ಮತದಾರರಲ್ಲಿ ಎಷ್ಟು ಜನಕ್ಕೆ ಹೀಗನ್ನಿಸುತ್ತಿರಬಹುದು? ಹಾಗೆ ಕೇಳಿಕೊಂಡವರೇ 2024ರಲ್ಲಿ 'ಹ್ಯಾಕ್ಸ್' ಅಂತ ಬರೆಯಲು ಧೈರ್ಯ ಮಾಡಿದ್ದು.

ಸೀರೀಸ್ ನೋಡದೆ ವಾದಕ್ಕಿಳಿಯಬೇಡಿ. ಊಹೆಯನ್ನು ನೋಡದೆಯೂ ಮಾಡಬಹುದು, ವಾದ ಆಗುವುದಿಲ್ಲ.

## 10. ಬೀಗ ಹಾಕಿ, ಅಂಕ ಎಣಿಸಿ

ಸಮಾರಂಭ ಅಮೆರಿಕದ ಪೂರ್ವ ಕರಾವಳಿಯ ಸಮಯ ಭಾನುವಾರ ರಾತ್ರಿ 8ಕ್ಕೆ ಶುರುವಾದರೆ ನಮಗೆ ಸೋಮವಾರ ಬೆಳಗಿನ 5.30. ನ್ಯೂಜೆರ್ಸಿಯಲ್ಲಿರುವ ತಮ್ಮನೂ ಮೈಸೂರಿನ ಅಕ್ಕನೂ ಒಂದೇ ಗುಂಪಿನಲ್ಲಿದ್ದರೆ ಗಡುವನ್ನು ಎರಡೂ ಸಮಯದಲ್ಲಿ ಬರೆದು ಹಾಕಿ, ಇಲ್ಲವಾದರೆ "ನಂಗೆ ನಾಳೆ ಅಂದುಕೊಂಡಿದ್ದೆ" ಶುರುವಾಗುತ್ತದೆ.

ಎಲ್ಲ ವಿಭಾಗಕ್ಕೂ ಸಮ ಅಂಕ ಕೊಡಬೇಡಿ. ವಿಭಾಗಗಳನ್ನು ನಿಮ್ಮ ಖಚಿತತೆಯ ಕ್ರಮದಲ್ಲಿ ಜೋಡಿಸಿ. 20 ವಿಭಾಗ ಇದ್ದರೆ ಅತಿ ಖಚಿತವಾದದ್ದಕ್ಕೆ 20 ಅಂಕ, ಗೊತ್ತೇ ಇಲ್ಲದ್ದಕ್ಕೆ 1. ಆಗ ಸುಮ್ನೆ ಅದೃಷ್ಟದಿಂದ ಗೆದ್ದವರು ಯಾರು, ತಿಳಿದು ಬರೆದವರು ಯಾರು ಅಂತ ಬೇರೆ ಬೇರೆಯಾಗಿ ಕಾಣುತ್ತದೆ.

ಸಮಾರಂಭ ನಡೆಯುವಾಗಲೇ ಉಳಿದ ಫಲಿತಾಂಶ ಊಹಿಸುವ ಚಟ ಇರುವವರಿಗೆ: 2024ರಲ್ಲಿ 'ಹ್ಯಾಕ್ಸ್' ಬರವಣಿಗೆ ಗೆದ್ದಾಗಲೇ ಗಾಳಿ ತಿರುಗಿತ್ತು. 2025ರಲ್ಲಿ ಡ್ರಾಮಾ ಬರವಣಿಗೆ 'ಆಂಡೋರ್'ಗೆ, ನಿರ್ದೇಶನ 'ಸ್ಲೋ ಹಾರ್ಸಸ್'ಗೆ ಹೋಯಿತು, ಆದರೂ ಸೀರೀಸ್ 'ದಿ ಪಿಟ್'ಗೇ ಬಂತು.

ಫಲಿತಾಂಶ ಬಂದ ದಿನವೇ ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ದಿನಾಂಕವಾ, ವಿಭಾಗವಾ, ಮತದಾರರನ್ನು ತಪ್ಪು ತಿಳಿದದ್ದಾ, ಬರೀ ಅಭಿಮಾನವಾ. ಆಮೇಲೆ ಹೊಸ ಶೀಟ್ ತೆರೆಯಿರಿ. ಜೂನ್ 1ರಿಂದ ಇಲ್ಲಿಯವರೆಗೆ ಬಂದ ಸೀರೀಸ್‌ಗಳೆಲ್ಲ ಆಗಲೇ ಮುಂದಿನ ವರ್ಷದ ಲೆಕ್ಕದಲ್ಲಿವೆ.